ಪಟ್ಟಲಮ್ಮನ ನಾಲಗೆ ಮತ್ತು ಗ್ಯಾಸಿನ ಮಾತ್ರೆ

ಮಂಡ್ಯ ಸೀಮೆಯಲ್ಲಿ ಮದುವೆಯಾದ ಮೇಲೆ ಬೀಗರಿಗೂ ನೆಂಟರಿಗೂ ಹಾಕುವ ಬಾಡೂಟಕ್ಕೆ ಬೀಗರೂಟ ಎನ್ನುತ್ತಾರೆ. ಮದುವೆಯ ಶಾಸ್ತ್ರದಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿದ್ದರೆ ಜನ ನಾಲ್ಕು ದಿನಕ್ಕೆ ಮರೆಯುತ್ತಾರೆ. ಬೀಗರೂಟದ ಸಾರು ಕೆಟ್ಟಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಆ ಊಟದ ಒಲೆಯ ಮುಂದೆ ಯಜಮಾನಿಕೆ ಮಾಡುವವರು ಸಾಮಾನ್ಯವಾಗಿ ಗಂಡಸರು. ಕೊತ್ತತ್ತಿಯ ಪಟ್ಟಲಮ್ಮ ಮಾತ್ರ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಅಲ್ಲಿ ನಿಂತಿದ್ದಾಳೆ, ಮತ್ತು ಆಕೆಯನ್ನು ಅಲ್ಲಿಂದ ಸರಿಸುವ ಯೋಚನೆ ಯಾರಿಗೂ ಬಂದಿಲ್ಲ.

ಆಕೆ ಈ ಕೆಲಸಕ್ಕೆ ಬಂದದ್ದು ಮುದ್ದೆ ತಿರುವುವವಳಾಗಿ. ಗಂಡ ಶಿವಯ್ಯ, ಮಹದೇವಯ್ಯನೆಂಬ ಅಡುಗೆಯವನ ತಂಡದಲ್ಲಿ ಒಲೆ ನೋಡಿಕೊಳ್ಳುತ್ತಿದ್ದ. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು ಉದ್ದನೆಯ ಕೋಲಿನಲ್ಲಿ ಗಂಟಿಲ್ಲದಂತೆ ತಿರುವುವುದು ಇಬ್ಬರು ಗಂಡಸರ ಕೆಲಸ. ಪಟ್ಟಲಮ್ಮ ಒಬ್ಬಳೇ ತಿರುವುತ್ತಿದ್ದಳು. ಹೀಗಿರುವಾಗ ನಿಡಘಟ್ಟದ ಒಂದು ಬೀಗರೂಟದಲ್ಲಿ ಮಹದೇವಯ್ಯನಿಗೂ ಮನೆಯವರಿಗೂ ಮಾತಿಗೆ ಮಾತು ಬೆಳೆದು, ಅವನು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಹೋಗಿಬಿಟ್ಟ. ಮಾಂಸ ತೊಳೆದಾಗಿತ್ತು, ಖಾರ ರುಬ್ಬಿಯಾಗಿತ್ತು, ಬೀಗರ ವ್ಯಾನು ಮದ್ದೂರು ಬಿಟ್ಟಿದೆ ಎಂದು ಫೋನೂ ಬಂದಿತ್ತು. ಮನೆಯ ಯಜಮಾನ ತಲೆಯ ಮೇಲೆ ಕೈಹೊತ್ತು ಕೂತಾಗ ಪಟ್ಟಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಬಂದಳು.

“ನಾನ್ ಮಾಡ್ತೀನಿ. ಎಸ್ರಿಡಿ,” ಎಂದಳು.

ಆ ದಿನ ಮಾಂಸ ಕಡಿಯಲು ಮದ್ದೂರಿನಿಂದ ಬಂದಿದ್ದವನು ನಜೀರ್ ಅಹ್ಮದ್. ಅವನಿಗೆ ಮೊದಲು ನಂಬಿಕೆಯಿರಲಿಲ್ಲ. ಆಕೆ ಸೌಟಿನಿಂದ ಸಾರನ್ನು ಅಂಗೈಗೆ ಹನಿಸಿಕೊಂಡು ನೆಕ್ಕಿ, ಒಂದು ಗಳಿಗೆ ಕಣ್ಣುಮುಚ್ಚಿ ನಿಂತು, ಇನ್ನೊಂದು ಹಿಡಿ ಉಪ್ಪು ಹಾಕಿಸಿದಳು. ಆಮೇಲೆ ತಾನೂ ರುಚಿ ನೋಡಿದ ನಜೀರ್ ಅಂದಿನಿಂದ ಬೇರೆ ಅಡುಗೆಯವರ ಜೊತೆ ಹೋಗಲಿಲ್ಲ. ಮಾಂಸ ಅವನದು, ಸಾರು ಆಕೆಯದು ಎಂದಾಯಿತು. ಮಗ ಶಶಿಧರ್ ದೊಡ್ಡವನಾಗಿ ಗೂಡ್ಸ್ ಆಟೋ ತೆಗೆದುಕೊಂಡ ಮೇಲೆ ಬಾಡಿಗೆಗೆ ತರುತ್ತಿದ್ದ ಪಾತ್ರೆಗಳೂ ಮನೆಯವೇ ಆದವು. ಸೊಸೆ ಗಗನ ಬಂದ ಮೇಲೆ ಪಲ್ಯ, ಕೋಸಂಬರಿ, ಪಾಯಸ ಅವಳ ಪಾಲಿಗೆ ಹೋದವು. ಉಪ್ಪು ನೋಡುವ ಅಧಿಕಾರವನ್ನು ಮಾತ್ರ ಪಟ್ಟಲಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ.

ಬೀಗರೂಟದ ದಿನ ಆಕೆಯ ಹೊಟ್ಟೆಯ ಪಾಡೇ ಬೇರೆ. ಬೆಳಗ್ಗೆ ಎದ್ದು ಒಂದು ಟೀ, ಒಲೆ ಹತ್ತಿದ ಮೇಲೆ ಇನ್ನೊಂದು, ದವಡೆಯಲ್ಲಿ ಎಲೆಅಡಿಕೆ ಹೊಗೆಸೊಪ್ಪು, ನಡುನಡುವೆ ಖಾರದ ಸಾರಿನ ರುಚಿ. ಕೊನೆಯ ಪಂಕ್ತಿ ಎದ್ದ ಮೇಲೆಯೇ ತನ್ನ ಊಟ. ಹೊಟ್ಟೆ ಬಿರಿಯುವಂತೆ ಉಂಡು, ಅಲ್ಲೇ ಚಪ್ಪರದ ನೆರಳಿನಲ್ಲಿ ಅಡ್ಡಾಗುವುದು. ವರ್ಷಗಳ ಹಿಂದೆ ಎದೆಯುರಿ, ಹುಳಿತೇಗು ತಡೆಯಲಾಗದೆ ಮಂಡ್ಯದ ಒಬ್ಬ ಡಾಕ್ಟರಿಗೆ ತೋರಿಸಿದ್ದಳು. ಅವರು ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಒಂದು ತಿಂಗಳಿಗೆ ಬರೆದುಕೊಟ್ಟು, ಮುಗಿದ ಮೇಲೆ ಬಂದು ತೋರಿಸಿ ಎಂದಿದ್ದರು. ಉರಿ ಹೋಯಿತು, ಆಕೆ ಹೋಗಲಿಲ್ಲ. ಮಾತ್ರೆ ಮುಗಿದು ಕೆಲವು ದಿನಕ್ಕೆ ಮತ್ತೆ ಉರಿ ಬಂತು. ಮಾತ್ರೆ ಖಾಲಿಯಾದ ಹಾಳೆಯನ್ನು ಮೆಡಿಕಲ್ ಶಾಪಿನಲ್ಲಿ ತೋರಿಸಿದರೆ ಚೀಟಿ ಕೇಳದೆ ಇನ್ನೊಂದು ಹಾಳೆ ಕೊಟ್ಟರು. ಅಲ್ಲಿಂದ ಆ ಗ್ಯಾಸಿನ ಮಾತ್ರೆ ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಕಾಯಂ ಆಯಿತು. ಉರಿ ಇರಲಿ ಬಿಡಲಿ ದಿನಕ್ಕೊಂದು, ಬೀಗರೂಟದ ದಿನ ಎರಡು.

ಆಮೇಲೆ ಸಕ್ಕರೆ ಕಾಯಿಲೆ ಬಂದು ಮೆಟ್‌ಫಾರ್ಮಿನ್ ಶುರುವಾಯಿತು. ನಿಂತು ನಿಂತು ಮಂಡಿ ಹಿಡಿದುಕೊಂಡಾಗ ನೋವಿನ ಮಾತ್ರೆಯೂ ಸೇರಿತು. ನೋವಿನ ಮಾತ್ರೆ ನುಂಗಿದರೆ ಹೊಟ್ಟೆ ಉರಿಯುತ್ತಿತ್ತು, ಉರಿದರೆ ಗ್ಯಾಸಿನ ಮಾತ್ರೆ ಇದ್ದೇ ಇತ್ತು. ಸಕ್ಕರೆಯದನ್ನು ಆಕೆ ಔಷಧಿ ಎನ್ನುತ್ತಿದ್ದಳು. ಗ್ಯಾಸಿನದನ್ನು ಎಂದೂ ಹಾಗೆ ಕರೆದವಳಲ್ಲ. ಅದು ಊಟದ ಜೊತೆಗಿನ ಉಪ್ಪಿನಕಾಯಿಯಂತೆ.

ಎರಡು ವರ್ಷದ ಹಿಂದೆ ಆಕೆಯ ನಾಲಗೆ ಉರಿಯಲು ಶುರುವಾಯಿತು. ಸುಣ್ಣ ಹೆಚ್ಚಾಗಿರಬೇಕು ಎಂದು ಎಲೆಅಡಿಕೆಯನ್ನು ಸ್ವಲ್ಪ ದಿನ ಬಿಟ್ಟಳು. ಉರಿ ಹೋಗಲಿಲ್ಲ, ಬದಲಿಗೆ ತಿಂದದ್ದೆಲ್ಲ ಸಪ್ಪೆ ಎನಿಸತೊಡಗಿತು. ಕೊಪ್ಪರಿಗೆ ತಿರುವಿದರೆ ತೋಳು ಬೀಳುವಷ್ಟು ಆಯಾಸ. ವಯಸ್ಸಾಯಿತು ಎಂದು ಶಿವಯ್ಯ ಅಂದದ್ದಕ್ಕೆ, ವಯಸ್ಸಾಗಿರುವುದು ನಿನಗೆ ಎಂದು ಅವನ ಬಾಯಿ ಮುಚ್ಚಿಸಿದಳು.

ಮದ್ದೂರಿನ ಹತ್ತಿರದ ಒಂದು ಹಳ್ಳಿಯ ಬೀಗರೂಟದಲ್ಲಿ ಸಂಗತಿ ಬಯಲಾಯಿತು. ಸಾರು ಕುದಿಯುತ್ತಿತ್ತು. ಪಟ್ಟಲಮ್ಮ ಅಂಗೈಗೆ ಹನಿಸಿಕೊಂಡು ನೆಕ್ಕಿ ಉಪ್ಪು ಹಾಕಿಸಿದಳು. ಮತ್ತೆ ನೆಕ್ಕಿ ಮತ್ತೆ ಹಾಕಿಸಿದಳು. ಮೂರನೆಯ ಸಲ ಹಾಕಿಸಿದಾಗ ನಜೀರ್ ಕತ್ತಿ ಕೆಳಗಿಟ್ಟು ಎದ್ದು ಬಂದು ಸೌಟಿಗೆ ಬೆರಳು ಸೋಕಿಸಿ ನೋಡಿದ.

“ಉಪ್ಪು ಜಾಸ್ತಿ ಆಗೋಗದೆ ಕಣಕ್ಕ. ಬಾಯಿಗಿಕ್ಕಕ್ಕಾಗಲ್ಲ.”

ಪಟ್ಟಲಮ್ಮ ಮತ್ತೊಮ್ಮೆ ನೆಕ್ಕಿ ನೋಡಿದಳು. ಆಕೆಗೆ ಆಗಲೂ ಸಪ್ಪೆಯೇ. ಗಗನ ನೋಡಿ ಮುಖ ಕಿವುಚಿದ್ದನ್ನು ಕಂಡ ಮೇಲೆ ಆಕೆ ವಾದ ಮಾಡಲಿಲ್ಲ.

“ಇವತ್ತು ನನ್ನ ನಾಲ್ಗೆ ಮಾತು ಕೇಳ್ಬೇಡಿ. ನಜೀರಣ್ಣ, ನೀನ್ ರುಚಿ ನೋಡೇಳು, ನಾನ್ ಮಾಡ್ತೀನಿ.”

ಸಾರನ್ನು ಎರಡು ಕೊಪ್ಪರಿಗೆಗೆ ಹಂಚಿಸಿದಳು. ಕಾಯಿ, ಹುರಿಗಡಲೆ, ಧನಿಯವನ್ನು ಉಪ್ಪಿಲ್ಲದೆ ಹೊಸದಾಗಿ ರುಬ್ಬಿಸಿ ಎರಡಕ್ಕೂ ಬಿಟ್ಟು, ಬಿಸಿನೀರು ಸೇರಿಸಿ ಕುದಿಸಿದಳು. ಮುದ್ದೆಗೂ ಅನ್ನಕ್ಕೂ ಉಪ್ಪು ಮುಟ್ಟಿಸಬೇಡಿ ಎಂದಳು. ಬೀಗರು ಎರಡೆರಡು ಸಲ ಸಾರು ಹಾಕಿಸಿಕೊಂಡು ಉಂಡರು. ಊಟ ಮುಗಿದ ಮೇಲೆ ಆಕೆಯೇ ಮನೆಯ ಯಜಮಾನನ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು. ಯಾರಿಂದಲೋ ಗೊತ್ತಾಗುವುದಕ್ಕಿಂತ ನನ್ನ ಬಾಯಿಂದಲೇ ಗೊತ್ತಾಗಲಿ ಎನ್ನುವುದು ಆಕೆಯ ಸ್ವಭಾವ.

ಅದರ ಮುಂದಿನ ಊಟದಲ್ಲಿ ಒಲೆಯಿಂದ ಸಿಡಿದ ಕೆಂಡವೊಂದರ ಮೇಲೆ ಆಕೆ ಪಾದವಿಟ್ಟು ನಿಂತಿದ್ದಳು. ಚರ್ಮ ಸುಟ್ಟ ವಾಸನೆ ಬಂದು ಗಗನ ಕೂಗಿಕೊಂಡಾಗಲೇ ಆಕೆಗೆ ತಿಳಿದದ್ದು. ಪಾದ ಜೋಮು ಹಿಡಿದಂತಿತ್ತು, ಅಷ್ಟೆ. ಆ ಗಾಯ ನೋಡಿದಾಗ ಮೊದಲ ಬಾರಿಗೆ ಪಟ್ಟಲಮ್ಮನಿಗೆ ಹೆದರಿಕೆಯಾಯಿತು. ಮರುದಿನವೇ ಸೊಸೆಯನ್ನು ಕರೆದುಕೊಂಡು ಮಂಡ್ಯಕ್ಕೆ ಹೋದಳು.

ಡಾಕ್ಟರ್ ಶ್ವೇತ ವಯಸ್ಸಿನಲ್ಲಿ ಚಿಕ್ಕವರು. ಮಳವಳ್ಳಿ ಕಡೆಯವರಾದ್ದರಿಂದ ಬೀಗರೂಟವೆಂದರೇನು ಎಂದು ಅವರಿಗೆ ವಿವರಿಸಬೇಕಾಗಲಿಲ್ಲ. ಸುಟ್ಟ ಗಾಯಕ್ಕೆ ಪಟ್ಟಿ ಹಾಕಿಸಿ, ಹತ್ತಿಯಿಂದ ಪಾದ ಸವರುತ್ತ ಎಲ್ಲಿ ತಿಳಿಯುತ್ತದೆ, ಎಲ್ಲಿ ಇಲ್ಲ ಎಂದು ಕೇಳಿದರು. ನಾಲಗೆ ಚಾಚಿಸಿ ನೋಡಿದರು. ಅದು ಕೆಂಪಗೆ, ತೊಳೆದ ಕಲ್ಲಿನಂತೆ ನುಣ್ಣಗಾಗಿತ್ತು. ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದದ್ದಕ್ಕೆ ಪಟ್ಟಲಮ್ಮ ಸಕ್ಕರೆಯದನ್ನು ತೋರಿಸಿದಳು.

“ಬೇರೆ ಏನೂ ನುಂಗಲ್ವಾ? ನೀವು ಔಷಧಿ ಅಂದ್ಕೊಳ್ದೆ ಇರೋದು ಏನಾದ್ರೂ?”

ಆಕೆ ಇಲ್ಲವೆಂದು ತಲೆಯಾಡಿಸುವಷ್ಟರಲ್ಲಿ ಗಗನ ಅತ್ತೆಯ ಎಲೆಅಡಿಕೆ ಚೀಲವನ್ನು ತೆಗೆದು ಮೇಜಿನ ಮೇಲೆ ಸುರಿದಳು. ನೋವಿನ ಮಾತ್ರೆಯ ಹಾಳೆಯೂ ಗ್ಯಾಸಿನ ಮಾತ್ರೆಯ ಹಾಳೆಯೂ ಬಿದ್ದವು. ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರು. ಶಶಿಧರನ ಮದುವೆಗೆ ಮುಂಚಿನಿಂದ ಎಂದಳು ಪಟ್ಟಲಮ್ಮ. ಡಾಕ್ಟರು ಪೆನ್ನು ಕೆಳಗಿಟ್ಟು, ತೂಕ ಇಳಿದಿದೆಯೇ, ನುಂಗಲು ಕಷ್ಟವೇ, ರಕ್ತ ವಾಂತಿಯಾಗಿದೆಯೇ, ಮಲ ಡಾಂಬರಿನಂತೆ ಕಪ್ಪಗೆ ಹೋಗಿದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಅದ್ಯಾವುದೂ ಇರಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ವರದಿ ಬಂದಾಗ ಬಿ12 ಎಂಬ ವಿಟಮಿನ್ ತೀರಾ ಕೆಳಗಿಳಿದಿತ್ತು. ಅದು ಮಾಂಸ, ಮೊಟ್ಟೆ, ಹಾಲಿನಲ್ಲಿ ಸಿಗುತ್ತದೆ ಎಂದು ಡಾಕ್ಟರು ಹೇಳಿದಾಗ ಪಟ್ಟಲಮ್ಮ ಒಪ್ಪಲೇ ಇಲ್ಲ.

“ವಾರವೆಲ್ಲ ಬಾಡು ತಿನ್ನೋಳ್ಗೆ ಅದೆಂಗ್ ಕಮ್ಮಿ ಆಯ್ತದೆ ಮೇಡಮ್ಮೋರೆ?”

“ತಿಂದ್ರೆ ಸಾಲ್ದು ಅಮ್ಮ. ಮಾಂಸದಿಂದ ಅದನ್ನ ಬಿಡಿಸ್ಕೊಳ್ಳೋಕೆ ಹೊಟ್ಟೇಲಿ ಆಸಿಡ್ ಬೇಕು. ನೀವು ವರ್ಷಗಟ್ಟಲೆ ಆ ಆಸಿಡ್ಡನ್ನೇ ತಡೆದು ಕೂರಿಸಿದ್ದೀರಿ.”

ಸಕ್ಕರೆಯ ಮಾತ್ರೆಯೂ ದೀರ್ಘಕಾಲದಲ್ಲಿ ಇದೇ ವಿಟಮಿನ್ನನ್ನು ಇಳಿಸುತ್ತದೆ, ಎರಡೂ ಸೇರಿ ಹೀಗಾಗಿದೆ ಎಂದು ಅವರು ತಿಳಿಸಿದರು. ಆದರೆ ಸಕ್ಕರೆಯ ಮಾತ್ರೆ ನಿಲ್ಲಿಸುವಂತಿಲ್ಲ. ಬಿ12ಗೆ ಇಂಜೆಕ್ಷನ್ ಶುರುಮಾಡೋಣ. ನಾಲಗೆ ಬೇಗ ಸರಿಹೋಗಬಹುದು, ಪಾದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದರಲ್ಲಿ ಸಕ್ಕರೆಯ ಪಾಲೂ ಇರುವುದರಿಂದ ಪೂರ್ತಿ ಬರುತ್ತದೆಂದು ಮಾತು ಕೊಡಲಾಗುವುದಿಲ್ಲ. ಗ್ಯಾಸಿನ ಮಾತ್ರೆಯನ್ನು ಸದ್ಯಕ್ಕೆ ಹಾಗೇ ತೆಗೆದುಕೊಳ್ಳುತ್ತಿರಿ, ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿ ಆಮೇಲೆ ಹೇಗೆ ಬಿಡಿಸುವುದೆಂದು ಹೇಳುತ್ತೇನೆ ಎಂದರು.

ಪಟ್ಟಲಮ್ಮ ಮನೆಗೆ ಬಂದವಳೇ ಮಾತ್ರೆಯ ಹಾಳೆಯನ್ನು ಒಲೆಗೆ ಹಾಕಿದಳು. ತನ್ನ ನಾಲಗೆ ಕೆಡಿಸಿದ್ದನ್ನು ಇನ್ನೊಂದು ದಿನವೂ ನುಂಗಲು ಆಕೆ ತಯಾರಿರಲಿಲ್ಲ. ಡಾಕ್ಟರು ಕಾಯಿರಿ ಎಂದಿದ್ದಾರೆಂದು ಗಗನ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಎರಡು ಮೂರು ದಿನ ಸುಮ್ಮನಿದ್ದ ಹೊಟ್ಟೆ ಆಮೇಲೆ ಎದ್ದಿತು. ಹಿಂದೆಂದೂ ಕಾಣದ ಉರಿ. ನೀರು ಕುಡಿದರೂ ಗಂಟಲವರೆಗೆ ಹುಳಿ ಬರುತ್ತಿತ್ತು. ಮಾತ್ರೆಯಿಲ್ಲದೆ ತಾನು ಬದುಕುವುದೇ ಇಲ್ಲವೇನೋ ಎನಿಸಿ ಮತ್ತೆ ಮಂಡ್ಯದ ಬಸ್ಸು ಹತ್ತಿದಳು. ಏನು ಮಾಡಿದೆನೆಂದು ಮುಚ್ಚಿಡದೆ ಹೇಳಿದಳು. ಡಾಕ್ಟರು ನಕ್ಕುಬಿಟ್ಟರು. ಬಹಳ ಕಾಲ ತಡೆದಿಟ್ಟ ಹೊಟ್ಟೆಯನ್ನು ಒಮ್ಮೆಗೇ ಬಿಟ್ಟರೆ ಅದು ಕೆಲವು ವಾರ ಹೆಚ್ಚು ಹೆಚ್ಚಾಗಿ ಆಸಿಡ್ ಸುರಿಸುತ್ತದೆ, ಕಾಯಿಲೆ ಮರಳಿ ಬಂತೆಂದು ತಿಳಿದೇ ಜನ ಮಾತ್ರೆಗೆ ಕಾಯಂ ಅಂಟಿಕೊಳ್ಳುತ್ತಾರೆ ಎಂದರು.

ಕ್ಯಾಮೆರಾದಲ್ಲಿ ಹುಣ್ಣೇನೂ ಕಾಣಲಿಲ್ಲ. ಆಮೇಲೆ ಮಾತ್ರೆ ಬಿಡುವ ಕೆಲಸ ನಿಧಾನಕ್ಕೆ ಶುರುವಾಯಿತು. ಮೊದಲು ಕಡಿಮೆ ಪವರಿನದು, ಆಮೇಲೆ ದಿನ ಬಿಟ್ಟು ದಿನ. ಅದನ್ನೂ ಉರಿ ಬಂದಾಗಲ್ಲ, ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ. ನಡುವೆ ತೀರಾ ಉರಿದರೆ ಕುಡಿಯಲು ಒಂದು ಸಿರಪ್ಪು, ಅದು ಬೇರೆ ಮಾತ್ರೆಗಳ ಜೊತೆಗೆ ಬೇಡ, ಎರಡು ಗಂಟೆ ಅಂತರವಿರಲಿ. ಮಂಡಿಗೆ ನುಂಗುತ್ತಿದ್ದ ನೋವಿನ ಮಾತ್ರೆಯನ್ನು ಪೂರಾ ನಿಲ್ಲಿಸಿ ಪ್ಯಾರಾಸಿಟಮಾಲ್ ಕೊಟ್ಟರು, ಹೊಟ್ಟೆಯ ಉರಿಗೆ ಅರ್ಧ ಕಾರಣ ಆ ನೋವಿನ ಮಾತ್ರೆಯೇ ಎಂದರು. ಬೀಗರೂಟದ ದಿನ ಒಲೆ ಹಚ್ಚುವ ಮೊದಲು ಎರಡು ಇಡ್ಲಿಯನ್ನಾದರೂ ತಿನ್ನಬೇಕು, ಉಂಡ ಕೂಡಲೇ ಮಲಗಬಾರದು, ಹೊಗೆಸೊಪ್ಪು ಬಿಡಬೇಕು ಎಂದು ಹೇಳಿ ಕಳಿಸಿದರು.

ಇಡ್ಲಿ ಸುಲಭವಾಯಿತು. ಉಂಡ ಮೇಲೆ ಮಲಗದಿರಲು ಪಾತ್ರೆ ಎಣಿಸಿ ಆಟೋಗೆ ಹಾಕಿಸುವ ಕೆಲಸವನ್ನು ತಾನೇ ಹಚ್ಚಿಕೊಂಡಳು. ಹೊಗೆಸೊಪ್ಪು ಬಿಡಬೇಕಾದಾಗ ಮಾತ್ರ ಬಹಳ ದಿನ ಸಿಟ್ಟು ಮಾಡಿಕೊಂಡು ಓಡಾಡಿದಳು, ಅದೂ ಬಿಟ್ಟಿತು. ಬಿ12 ಇಂಜೆಕ್ಷನ್ನೂ ನಡೆದಿತ್ತು. ಹಾಗೆ ಒಂದು ದಿನ ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು ಉಣ್ಣುತ್ತಿದ್ದಾಗ ಆಕೆಗೆ ಹಸಿಮೆಣಸಿನಕಾಯಿಯ ಘಾಟು, ಬೆಳ್ಳುಳ್ಳಿ, ಹುಣಸೆಹುಳಿ ಒಂದೊಂದಾಗಿ ಬೇರೆಬೇರೆ ತಿಳಿದವು. ಆಕೆ ತಟ್ಟೆ ಖಾಲಿ ಮಾಡಿ, ಇನ್ನೊಂದು ಮುದ್ದೆ ಹಾಕಿಸಿಕೊಂಡಳು.

ಅಲ್ಲಿಂದ ಪಟ್ಟಲಮ್ಮನನ್ನು ಹಿಡಿಯುವವರಿಲ್ಲದಂತಾಯಿತು. ಗ್ಯಾಸಿನ ಮಾತ್ರೆ ನುಂಗುವವರನ್ನು ಕಂಡಲ್ಲಿ ನಿಲ್ಲಿಸಿ, ಅದನ್ನು ಬಿಟ್ಟು ಎರಡು ಇಡ್ಲಿ ತಿನ್ನು ಎಂದು ಹೇಳುತ್ತಿದ್ದಳು. ತಾನು ಎಷ್ಟು ದಿನ ಹಿಡಿದು, ಯಾರನ್ನು ಕೇಳಿಕೊಂಡು ಬಿಟ್ಟೆ ಎನ್ನುವುದು ಆ ಮಾತಿನಲ್ಲಿ ಇರುತ್ತಿರಲಿಲ್ಲ. ಆಕೆಯ ಗಟ್ಟಿ ದನಿಯ ಮುಂದೆ ಯಾರೂ ಎದುರು ಕೇಳುತ್ತಲೂ ಇರಲಿಲ್ಲ. ನಜೀರ್ ಅಹ್ಮದ್ ಅಂತೂ ಕೇಳಲೇ ಇಲ್ಲ. ಹಿಂದಿನ ವರ್ಷ ಅವನ ಎದೆಗೆ ಮೈಸೂರಿನಲ್ಲಿ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಿರಲು ಎರಡು ಮಾತ್ರೆ, ಜೊತೆಗೊಂದು ಗ್ಯಾಸಿನ ಮಾತ್ರೆ ಬರೆದಿದ್ದರು. ಅವನು ಮೂರನೆಯದನ್ನು ಬಿಟ್ಟ.

ಮಳೆಗಾಲ ಮುಗಿದು ಮದುವೆಗಳು ಶುರುವಾದ ಸಮಯ. ಮದ್ದೂರಿನ ಒಂದು ಊಟಕ್ಕೆ ಬೆಳಗ್ಗೆ ಬಂದ ನಜೀರ್ ಮಾಂಸ ಕಡಿಯುವ ಕೊರಡಿನ ಮುಂದೆ ಕೂತವನು ಕತ್ತಿ ಎತ್ತಲಾರದೆ ಹಾಗೇ ಒರಗಿದ. ಮುಖ ಬಿಳಿಚಿತ್ತು, ಹಣೆಯಲ್ಲಿ ತಣ್ಣನೆ ಬೆವರು. ಎದೆನೋವು ಎಂದುಕೊಂಡು ಪಟ್ಟಲಮ್ಮ ಕೇಳಿದರೆ, ನೋವಿಲ್ಲ, ಎರಡು ದಿನದಿಂದ ಸುಸ್ತು, ನಿಂತರೆ ತಲೆ ತಿರುಗುತ್ತದೆ ಎಂದ. ಡಾಕ್ಟರು ತನ್ನನ್ನು ಕೇಳಿದ್ದ ಪ್ರಶ್ನೆಗಳಲ್ಲಿ ಒಂದು ಆಕೆಗೆ ನೆನಪಾಯಿತು. ಬಗ್ಗಿ ಅವನಿಗೆ ಮಾತ್ರ ಕೇಳುವಂತೆ ಕೇಳಿದಳು.

“ಎರಡಕ್ಕೋದ್ರೆ ಕಪ್ಪಗೋಯ್ತಾ ಅದಾ? ಡಾಂಬರ್ ತರ?”

ಅವನು ಸಂಕೋಚದಿಂದ ತಲೆಯಾಡಿಸಿದ.

“ಗ್ಯಾಸಿನ್ ಮಾತ್ರೆ ತಗತಿದ್ದೀಯಾ ಇಲ್ವಾ?”

“ನೀನೇ ಬುಡು ಅಂದ್ಯಲ್ಲಕ್ಕ.”

ಪಟ್ಟಲಮ್ಮ ಸೌಟನ್ನು ಗಗನಳ ಕೈಗೆ ಕೊಟ್ಟಳು. ಸಾರು ಇನ್ನೂ ಒಲೆಗೆ ಏರಿರಲಿಲ್ಲ, ಉಪ್ಪು ಯಾರು ನೋಡಬೇಕೆಂದು ಸೊಸೆ ಕೇಳಿದಳು. ನೀನೇ ನೋಡು ಎಂದು ಹೇಳಿ, ಶಶಿಧರನ ಆಟೋದಿಂದ ಪಾತ್ರೆಗಳನ್ನು ಇಳಿಸಿ, ಅದರಲ್ಲಿ ಜಮಖಾನೆ ಹಾಸಿ ನಜೀರನನ್ನು ಮಲಗಿಸಿದಳು. ತಾನೂ ಪಕ್ಕದಲ್ಲಿ ಕೂತು ಮಂಡ್ಯದ ಆಸ್ಪತ್ರೆಗೆ ಹೊರಟಳು. ದಾರಿಯುದ್ದಕ್ಕೂ ಅವನ ಕೈ ಬಿಡಲಿಲ್ಲ.

ಅವನ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು. ಕ್ಯಾಮೆರಾ ಬಿಟ್ಟು ಅದನ್ನು ನಿಲ್ಲಿಸಿದರು, ರಕ್ತ ಏರಿಸಿದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ನಜೀರನ ಹೆಂಡತಿ ಮೆಹರುನ್ನೀಸಾ ಬಂದಾಗ ಪಟ್ಟಲಮ್ಮ ಬೆಂಚಿನಿಂದ ಎದ್ದು ನಿಂತು, ನನ್ನ ಮಾತು ಕೇಳಿಯೇ ಅವನು ಮಾತ್ರೆ ಬಿಟ್ಟದ್ದು, ಬೈಯುವುದಿದ್ದರೆ ನನ್ನನ್ನು ಬೈಯಿ ಎಂದಳು. ಮೆಹರುನ್ನೀಸಾ, ಮೊದಲು ಕೂತ್ಕೊಳ್ಳಿ ಅಕ್ಕ, ಬೆಳಗಿಂದ ಏನಾದರೂ ತಿಂದಿದ್ದೀರಾ ಎಂದು ಕೇಳಿದಳು. ಪಟ್ಟಲಮ್ಮ ಮುಖಕ್ಕೆ ಸೆರಗು ಹಿಡಿದುಕೊಂಡಳು.

ಮರುವಾರ ಆಕೆ ಡಾಕ್ಟರ್ ಶ್ವೇತರ ಮುಂದೆ ಕೂತು, ನನಗೆ ಕೆಟ್ಟದ್ದು ಅವನಿಗೆ ಹೇಗೆ ಒಳ್ಳೆಯದಾಯಿತು, ಬಿಡಿಸಿ ಹೇಳಿ ಎಂದು ಕೇಳಿದಳು. ಮಾತ್ರೆ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ ಎಂದರು ಡಾಕ್ಟರು. ರಕ್ತ ತೆಳುಮಾಡುವ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಹುದು, ಅದನ್ನು ತಡೆಯಲೆಂದೇ ನಜೀರನಿಗೆ ಇದನ್ನು ಕೊಟ್ಟಿದ್ದರು. ಅವನು ತಾನಾಗಿ ಯಾವುದನ್ನೂ ಬಿಡುವಂತಿಲ್ಲ. ಪಟ್ಟಲಮ್ಮನಿಗೆ ಕೊಟ್ಟದ್ದು ಒಂದು ತಿಂಗಳ ಉರಿಗೆ, ಆಕೆ ಅದನ್ನು ವರ್ಷಗಟ್ಟಲೆ ಎಳೆದಳು.

“ಯಾಕೆ ಕೊಟ್ರು, ಎಷ್ಟು ದಿನಕ್ಕೆ ಕೊಟ್ರು, ಇನ್ನೂ ಬೇಕಾ. ಇಷ್ಟನ್ನ ಕೊಟ್ಟವರ ಹತ್ರಾನೇ ಕೇಳಿ ಅನ್ನಿ, ಪಟ್ಟಲಮ್ಮನೋರೆ. ನೀವು ಹೇಳಿದ್ರೆ ಜನ ಕೇಳ್ತಾರೆ.”

ಆಕೆ ಹೇಳುವುದನ್ನು ನಿಲ್ಲಿಸಲಿಲ್ಲ. ಹೇಳುವ ಮಾತು ಬೇರೆಯಾಯಿತು. ಈಗ ಯಾರಾದರೂ ಊಟವಾದ ಮೇಲೆ ಗ್ಯಾಸಿನ ಮಾತ್ರೆ ತೆಗೆದರೆ, ಯಾರು ಬರೆದುಕೊಟ್ಟರು, ಎದೆಗೆ ಮಾತ್ರೆ ತೆಗೆದುಕೊಳ್ಳುತ್ತೀಯಾ, ನೋವಿಗೆ ನುಂಗುತ್ತೀಯಾ ಎಂದು ಪೊಲೀಸರಂತೆ ವಿಚಾರಿಸುತ್ತಾಳೆ. ವರ್ಷಗಳಿಂದ ತಾವೇ ಕೊಂಡು ನುಂಗುತ್ತಿರುವವರನ್ನು ಡಾಕ್ಟರ ಹತ್ತಿರ ಅಟ್ಟುತ್ತಾಳೆ. ಕೆಲವರನ್ನು ಶಶಿಧರನ ಆಟೋ ಹತ್ತಿಸಿ ತಾನೇ ಕರೆದೊಯ್ದದ್ದೂ ಉಂಟು. ಮಾತ್ರೆಯನ್ನು ಬಿಡು ಎಂದಾಗಲಿ ನುಂಗು ಎಂದಾಗಲಿ ಆಕೆಯ ಬಾಯಿಂದ ಬರುವುದಿಲ್ಲ. ಪಾದದ ಜೋಮು ಅರ್ಧ ಇಳಿದಿದೆ, ಅರ್ಧ ಉಳಿದಿದೆ. ಒಲೆಯ ಹತ್ತಿರ ಚರ್ಮದ ಬೂಟು ಹಾಕಿಕೊಂಡೇ ನಿಲ್ಲುತ್ತಾಳೆ.

ನಜೀರ್ ಮೂರು ಮಾತ್ರೆಯನ್ನೂ ತಪ್ಪದೆ ತೆಗೆದುಕೊಳ್ಳುತ್ತ ಹೊಸ ವರ್ಷಕ್ಕೆ ಕೆಲಸಕ್ಕೆ ಮರಳಿದ. ಕಡಿಯುವುದನ್ನು ಮಗ ಆಸಿಮ್‌ಗೆ ಒಪ್ಪಿಸಿ, ಕುರ್ಚಿ ಹಾಕಿಕೊಂಡು ತುಂಡಿನ ಅಳತೆ ಹೇಳುತ್ತಾನೆ.

ಮೊನ್ನೆ ಮಳವಳ್ಳಿಯ ಒಂದು ಬೀಗರೂಟದಲ್ಲಿ ಸಾರು ಕುದಿ ಬಂದಾಗ ಪಟ್ಟಲಮ್ಮ ಅಂಗೈಗೆ ಹನಿಸಿಕೊಂಡು ನೆಕ್ಕಿ, ಸರಿಯಾಗಿದೆ, ಇಳಿಸಿ ಎಂದಳು. ಗಗನ ಪಕ್ಕದಿಂದ ಸೌಟು ತೆಗೆದುಕೊಂಡು ತಾನೂ ನೋಡಿದಳು.

“ಇಲ್ಲ ಅತ್ತೆ. ಇನ್ನೊಂದ್ ಇಡಿ ಉಪ್ಪು ಬೇಕು.”

ಪಟ್ಟಲಮ್ಮ ನಜೀರನ ಕಡೆ ನೋಡಿದಳು. ಅವನು ಕುರ್ಚಿಯಿಂದ ಏಳಲಿಲ್ಲ. ಅತ್ತೆ ಸೊಸೆಯ ನಡುವೆ ನಾನು ಬರುವುದಿಲ್ಲ ಎಂದ. ಆಕೆ ಇನ್ನೊಮ್ಮೆ ನೆಕ್ಕಿ ಕಣ್ಣು ಮುಚ್ಚಿ ನಿಂತಳು. ಆಮೇಲೆ ಉಪ್ಪಿನ ಡಬ್ಬವನ್ನು ಸೊಸೆಯ ಕಡೆ ತಳ್ಳಿದಳು.

“ಆಕು. ನೀನೇ ಸರಿ.”